ಅಮೆರಿಕದಲ್ಲಿ ಪದವಿ ಓದಲು ಅರ್ಜಿ: ಮೊದಲು ಹಣದ ಲೆಕ್ಕ

ಅಮೆರಿಕದ ವಿಶ್ವವಿದ್ಯಾಲಯಕ್ಕೆ ಪದವಿ ಓದಲು ಹೊರಡುವವರು ಸಾಮಾನ್ಯವಾಗಿ ಸ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ತಯಾರಿಯಿಂದಲೋ ಅರ್ಜಿಯ ಪ್ರಬಂಧದಿಂದಲೋ ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲ ಕೆಲಸ ಬೇರೆ. ಮನೆಯವರ ಜೊತೆ ಕೂತು ಒಂದು ಅಂಕಿ ಬರೆದಿಡಿ: ವರ್ಷಕ್ಕೆ ಎಷ್ಟು ಡಾಲರ್ ಕೊಡಲು ಆಗುತ್ತದೆ? ಒಂದು ವರ್ಷ ಹೇಗೋ ಹೊಂದಿಸುವ ಮೊತ್ತವಲ್ಲ, ನಾಲ್ಕು ವರ್ಷವೂ ಕೊಡಬಲ್ಲ ಮೊತ್ತ. ಆ ಅಂಕಿ ಇಲ್ಲದೆ ಮಾಡಿದ ಕಾಲೇಜು ಪಟ್ಟಿ ಮಾರ್ಚ್ ಕೊನೆಯಲ್ಲಿ ಕೈಕೊಡುತ್ತದೆ. ಸೀಟು ಸಿಕ್ಕಿರುತ್ತದೆ, ಸೇರಲು ಆಗುವುದಿಲ್ಲ. ಅಷ್ಟರಲ್ಲಿ ಬೇರೆ ಕಡೆ ಅರ್ಜಿ ಹಾಕುವ ಗಡುವೂ ಮುಗಿದಿರುತ್ತದೆ.

ಅಲ್ಲಿನ ನಾಗರಿಕರಿಗೆ ಕೇಂದ್ರ ಸರ್ಕಾರದ ಅನುದಾನ, ಸಾಲ ಎರಡೂ ಇವೆ. ಅದಕ್ಕೆ ಅವರು ತುಂಬುವ ಫಾರಂ ಫಾಫ್ಸಾ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಓದುವವರಿಗೆ ಅದರಲ್ಲಿ ಪಾಲಿಲ್ಲ. ಹೊರದೇಶದ ವಿದ್ಯಾರ್ಥಿಗೆ ಸಿಗುವ ನೆರವೆಲ್ಲ ಹೆಚ್ಚುಕಡಿಮೆ ಕಾಲೇಜಿನ ಸ್ವಂತ ಬೊಕ್ಕಸದಿಂದಲೇ ಬರಬೇಕು. ಆದ್ದರಿಂದಲೇ ಹೆಚ್ಚಿನ ಕಾಲೇಜುಗಳಲ್ಲಿ 'ನನಗೆ ನೆರವು ಬೇಕು' ಎಂದು ಬರೆದದ್ದು ಪ್ರವೇಶದ ತೀರ್ಮಾನದ ಮೇಲೂ ಪರಿಣಾಮ ಬೀರುತ್ತದೆ. ಇದಕ್ಕೆ ನೀಡ್ ಅವೇರ್ ಎನ್ನುತ್ತಾರೆ. ಕೇಳಿದರೂ ಕೇಳದಿದ್ದರೂ ಅರ್ಜಿಯನ್ನು ಒಂದೇ ರೀತಿ ನೋಡುವುದು ನೀಡ್ ಬ್ಲೈಂಡ್. ಹೊರದೇಶದವರಿಗೂ ನೀಡ್ ಬ್ಲೈಂಡ್ ಆಗಿದ್ದು, ಜೊತೆಗೆ ಪೂರ್ತಿ ಅಗತ್ಯವನ್ನೂ ತುಂಬಿಕೊಡುವ ಸಂಸ್ಥೆಗಳು ಬೆರಳೆಣಿಕೆಯಷ್ಟು: ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದವು. 2022ರಲ್ಲಿ ಡಾರ್ಟ್‌ಮತ್ ಮತ್ತು ಬೋಡನ್ ಸೇರಿಕೊಂಡವು, 2025ರಲ್ಲಿ ಸೇರುವ ತರಗತಿಯಿಂದ ಬ್ರೌನ್ ಸಹ. ಇವುಗಳ ಹೆಸರು ಕೇಳಿದರೇ ಗೊತ್ತಾಗುತ್ತದೆ, ಇವನ್ನು ಮಾತ್ರ ನಂಬಿ ಪಟ್ಟಿ ಮಾಡಲು ಆಗದು.

ಇನ್ನೊಂದು ಗುಂಪಿದೆ, ಅದರ ಕಡೆ ಗಮನ ಕಡಿಮೆ. ನೀಡ್ ಅವೇರ್ ಆಗಿದ್ದರೂ, ಸೇರಿಸಿಕೊಂಡವರಿಗೆ ಪೂರ್ತಿ ಅಗತ್ಯ ತುಂಬಿಕೊಡುವ ಕಾಲೇಜುಗಳು. ಬಹುಪಾಲು ಸಣ್ಣ ಖಾಸಗಿ ಲಿಬರಲ್ ಆರ್ಟ್ಸ್ (ಕಲೆ, ವಿಜ್ಞಾನ ಎರಡನ್ನೂ ಕಲಿಸುವ) ಕಾಲೇಜುಗಳು ಇವು. ಇಲ್ಲಿ ವರ್ಷಕ್ಕೆ 25,000 ಡಾಲರ್ ಕೊಡಬಲ್ಲ ವಿದ್ಯಾರ್ಥಿಗೂ 5,000 ಡಾಲರ್ ಕೊಡಬಲ್ಲ ವಿದ್ಯಾರ್ಥಿಗೂ ಸ್ಪರ್ಧೆ ಒಂದೇ ಅಲ್ಲ. 'ಪೂರ್ತಿ ಅಗತ್ಯ' ಎಂಬುದೂ ಕಾಲೇಜಿನ ಲೆಕ್ಕದ ಪ್ರಕಾರ, ನಿಮ್ಮ ಲೆಕ್ಕದ ಪ್ರಕಾರ ಅಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರಗಿನವರಿಗೆ ನೆರವು ಇನ್ನೂ ಕಡಿಮೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳು ಹೊರದೇಶದವರಿಗೆ ಅಗತ್ಯ ಆಧಾರಿತ ನೆರವು ಕೊಡುವುದಿಲ್ಲ, ಮೇಲಾಗಿ ರಾಜ್ಯದ ಹೊರಗಿನವರ ಹೆಚ್ಚುವರಿ ಶುಲ್ಕ ಬೇರೆ.

ಹಾಗಾದರೆ ಯಾವ ಕಾಲೇಜು ಎಷ್ಟು ಕೊಡುತ್ತದೆ ಎಂದು ತಿಳಿಯುವುದು ಹೇಗೆ? ಜಾಹೀರಾತಿನ ಮಾತು ನೋಡಬೇಡಿ. ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಒಂದೇ ನಮೂನೆಯಲ್ಲಿ ಪ್ರಕಟಿಸುವ ಅಂಕಿಅಂಶದ ಪುಸ್ತಿಕೆ ಅದು. ಅದರಲ್ಲಿ ಎಚ್6 ಎಂಬ ಸಾಲಿಗೆ ಹೋಗಿ. ಹೊರದೇಶದ ಪದವಿ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿಗೆ ಕಾಲೇಜಿನ ಹಣ ಸಿಕ್ಕಿತು, ಸರಾಸರಿ ಎಷ್ಟು ಡಾಲರ್, ಒಟ್ಟು ಎಷ್ಟು, ಎಲ್ಲ ಅಲ್ಲಿರುತ್ತದೆ. ಆ ಸರಾಸರಿಯನ್ನು ಕಾಲೇಜಿನ ಒಟ್ಟು ವಾರ್ಷಿಕ ವೆಚ್ಚದಿಂದ ಕಳೆಯಿರಿ. ಉಳಿದದ್ದು ನೀವು ಬರೆದಿಟ್ಟ ಅಂಕಿಯ ಹತ್ತಿರ ಬಂದರೆ ಪಟ್ಟಿಗೆ ಸೇರಿಸಿ. ಎಷ್ಟೋ ಪಾಲು ಹೆಚ್ಚಿದ್ದರೆ ಬಿಡಿ. ಎಚ್6ರಲ್ಲಿ ಸರಾಸರಿ ದೊಡ್ಡದಿದ್ದು, ಪಡೆದವರ ಸಂಖ್ಯೆ ಎಂಟೋ ಹತ್ತೋ ಇದ್ದರೆ, ಅಲ್ಲಿ ಕೊಡುವುದು ನಿಜ, ಆದರೆ ತೀರಾ ಕೆಲವರಿಗೆ ಎಂದು ಅರ್ಥ.

ಅದೇ ಪುಸ್ತಿಕೆಯಲ್ಲಿ ಸಿ7 ಎಂಬ ಕೋಷ್ಟಕವೂ ಇದೆ. ಅಂಕ, ಪಠ್ಯದ ಕಠಿಣತೆ, ಪ್ರಬಂಧ, ಶಿಫಾರಸು ಪತ್ರ, ಸಂದರ್ಶನ, ಕಾಲೇಜಿನ ಬಗ್ಗೆ ತೋರಿಸಿದ ಆಸಕ್ತಿ, ಇವುಗಳಲ್ಲಿ ಯಾವುದು ಬಹಳ ಮುಖ್ಯ, ಯಾವುದನ್ನು ನೋಡುವುದೇ ಇಲ್ಲ ಎಂದು ಕಾಲೇಜೇ ಗುರುತು ಹಾಕಿರುತ್ತದೆ. 'ಆಸಕ್ತಿ'ಯನ್ನು ಪರಿಗಣಿಸುವ ಕಾಲೇಜಾದರೆ ಅವರ ಆನ್‌ಲೈನ್ ಮಾಹಿತಿ ಸಭೆಗೆ ಹೆಸರು ನೋಂದಾಯಿಸಿ ಹಾಜರಾಗುವುದು ಕೆಲಸಕ್ಕೆ ಬರುತ್ತದೆ. ಪರಿಗಣಿಸದ ಕಡೆ ಆ ಹೊತ್ತನ್ನು ಪ್ರಬಂಧಕ್ಕೆ ಕೊಡಿ.

ವೆಚ್ಚ ಎಂದರೆ ಬೋಧನಾ ಶುಲ್ಕ ಮಾತ್ರ ಅಲ್ಲ. ವಸತಿ, ಊಟ, ಪುಸ್ತಕ, ಆರೋಗ್ಯ ವಿಮೆ, ಓಡಾಟ ಸೇರಿದ 'ಕಾಸ್ಟ್ ಆಫ್ ಅಟೆಂಡೆನ್ಸ್' ಎಂಬ ಮೊತ್ತವನ್ನೇ ನೋಡಿ. ದುಬಾರಿ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಇದು ವರ್ಷಕ್ಕೆ 90,000 ಡಾಲರ್ ದಾಟಿದೆ. ಆರೋಗ್ಯ ವಿಮೆ ಹೊರದೇಶದವರಿಗೆ ಬಹುತೇಕ ಕಡೆ ಕಡ್ಡಾಯ. ಕೆಲವು ಕಾಲೇಜುಗಳು ಅದನ್ನು ಮುಖ್ಯ ಪಟ್ಟಿಯಲ್ಲಿ ತೋರಿಸದೆ ಪ್ರತ್ಯೇಕ ಪುಟದಲ್ಲಿ ಹಾಕಿರುತ್ತವೆ, ಹುಡುಕಿ ಕೂಡಿಸಿಕೊಳ್ಳಿ. ಶುಲ್ಕ ವರ್ಷವರ್ಷ ಏರುತ್ತದೆ, ಡಾಲರ್ ದರವೂ ನಿಲ್ಲುವುದಿಲ್ಲ ಎಂಬುದನ್ನು ನಾಲ್ಕು ವರ್ಷದ ಲೆಕ್ಕದಲ್ಲಿ ಸೇರಿಸಿಕೊಳ್ಳಲೇಬೇಕು.

ನೆರವು ಕೇಳುವ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬಹಳ ಹಾನಿ ಮಾಡುತ್ತದೆ. 'ಈಗ ಬೇಡ ಅಂತ ಹಾಕಿ ಸೀಟು ತಗೊಳ್ಳೋಣ, ಆಮೇಲೆ ಕೇಳೋಣ' ಎಂಬ ಸಲಹೆ. ಅನೇಕ ಕಾಲೇಜುಗಳಲ್ಲಿ ಪ್ರವೇಶದ ಹೊತ್ತಿಗೆ ನೆರವು ಕೇಳದ ಹೊರದೇಶದ ವಿದ್ಯಾರ್ಥಿ ಮುಂದಿನ ನಾಲ್ಕೂ ವರ್ಷ ಕೇಳುವಂತಿಲ್ಲ. ಬೇಕಿದ್ದರೆ ಈಗಲೇ ಕೇಳಿ, ನಿಜವಾದ ಅಂಕಿ ಕೊಟ್ಟು ಕೇಳಿ.

ಕೇಳುವ ಫಾರಂ ಹೆಚ್ಚಾಗಿ ಸಿಎಸ್‌ಎಸ್ ಪ್ರೊಫೈಲ್. ಕಾಲೇಜ್ ಬೋರ್ಡ್ ಸಂಸ್ಥೆ ನಡೆಸುವ ಇದು ಅಕ್ಟೋಬರ್ 1ರಂದು ತೆರೆಯುತ್ತದೆ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಒಂದೊಂದಕ್ಕೂ 16 ಡಾಲರ್. ಕೆಲವು ಕಾಲೇಜುಗಳು ಇದರ ಬದಲು ತಮ್ಮದೇ ಉಚಿತ ಫಾರಂ ಒಪ್ಪುತ್ತವೆ, ಕೇಳಿ ನೋಡಿ. ಪ್ರೊಫೈಲ್‌ನಲ್ಲಿ ಆದಾಯ, ಆಸ್ತಿಯನ್ನು ನಿಮ್ಮ ದೇಶದ ಹಣದಲ್ಲೇ ಬರೆಯಬೇಕು, ಪರಿವರ್ತನೆ ಅದೇ ಮಾಡಿಕೊಳ್ಳುತ್ತದೆ. ಇಲ್ಲಿ ಆಗುವ ದೊಡ್ಡ ಎಡವಟ್ಟು, ಒಂದು ಪುಟದಲ್ಲಿ ಡಾಲರ್ ಇನ್ನೊಂದರಲ್ಲಿ ಸ್ವದೇಶದ ಹಣ ಬರೆದುಬಿಡುವುದು. ತಿಂಗಳ ಸಂಬಳವನ್ನು ವರ್ಷದ ಖಾನೆಯಲ್ಲಿ ಹಾಕುವುದೂ ಅಷ್ಟೇ ಸಾಮಾನ್ಯ. ಎರಡೂ ಸಂದರ್ಭದಲ್ಲಿ ಅಂಕಿ ನಂಬುವಂತಿರುವುದಿಲ್ಲ. ಅಜ್ಜಿಯ ಔಷಧಿ ಖರ್ಚು, ಕಳೆದ ವರ್ಷ ಹೋದ ಕೆಲಸ, ತೀರಿಸುತ್ತಿರುವ ಹಳೆಯ ಸಾಲ, ಇವನ್ನೆಲ್ಲ ಕೊನೆಯ ವಿವರಣೆ ಖಾನೆಯಲ್ಲಿ ಅಂಕಿ ಸಮೇತ ಬರೆಯಿರಿ. ಇಂಗ್ಲಿಷಿನಲ್ಲಿಲ್ಲದ ಸಂಬಳದ ಪತ್ರ, ತೆರಿಗೆ ದಾಖಲೆಗಳಿಗೆ ಅನುವಾದ ಲಗತ್ತಿಸಬೇಕು. ಇದಕ್ಕೆ ಎರಡು ವಾರ ಎತ್ತಿಟ್ಟುಕೊಳ್ಳಿ.

ಹೆಸರು ಒಂದೇ ಇರಲಿ

ಅರ್ಜಿಯ ಮೊದಲ ಖಾನೆಯೇ ಹೆಸರು. ನಮ್ಮಲ್ಲಿ ಹೆಚ್ಚು ಕಾಟ ಕೊಡುವುದೂ ಇದೇ. ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವನ್ನು ಬಿಡಿಸಿ ಬರೆದ ಉದ್ದ ಹೆಸರು, ಸ್ಯಾಟ್ ನೋಂದಣಿಯಲ್ಲಿ ಕರೆಯುವ ಹೆಸರು ಮಾತ್ರ. ಮೂರೂ ಒಬ್ಬರೇ ಎಂದು ಮನೆಯವರಿಗೆ ಗೊತ್ತು, ಕಾಲೇಜಿನ ಕಂಪ್ಯೂಟರಿಗೆ ಗೊತ್ತಿಲ್ಲ. ಅದು ಹೆಸರು ಮತ್ತು ಹುಟ್ಟಿದ ದಿನಾಂಕ ತಾಳೆ ನೋಡಿ ಕಾಗದಗಳನ್ನು ಒಂದು ಕಡತಕ್ಕೆ ಸೇರಿಸುತ್ತದೆ. ತಾಳೆಯಾಗದ ಅಂಕ ಎಲ್ಲೋ ಅನಾಥವಾಗಿ ಕೂರುತ್ತದೆ, ನಿಮ್ಮ ಕಡತದಲ್ಲಿ 'ಬಂದಿಲ್ಲ' ಎಂದು ತೋರಿಸುತ್ತದೆ.

ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅಕ್ಷರಕ್ಕೆ ಅಕ್ಷರ ಹಾಗೆಯೇ ಎಲ್ಲ ಕಡೆ ಬರೆಯಿರಿ. ಸರ್‌ನೇಮ್ ಸಾಲಿನಲ್ಲಿ ಇರುವುದು ಸರ್‌ನೇಮ್ ಖಾನೆಗೆ, ಗಿವನ್ ನೇಮ್ ಸಾಲಿನಲ್ಲಿ ಇರುವುದು ಮೊದಲ ಹೆಸರಿನ ಖಾನೆಗೆ. ಅಂಕಪಟ್ಟಿಯಲ್ಲಿ ಬೇರೆ ಥರ ಇದ್ದರೆ, ಎರಡೂ ಒಬ್ಬರದೇ ಹೆಸರು ಎಂದು ಶಾಲೆಯ ಮುಖ್ಯಸ್ಥರಿಂದ ಒಂದು ಪುಟದ ಪತ್ರ ಮಾಡಿಸಿ ಅಂಕಪಟ್ಟಿಯ ಜೊತೆಗೇ ಕಳಿಸಿ.

ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದು ಇನ್ನೊಂದು ಸಾಲು ಖಾಲಿ ಇದ್ದರೆ? ಅಮೆರಿಕದ ವೀಸಾ ಅರ್ಜಿಯಲ್ಲಿ ಆ ಒಂದೇ ಹೆಸರು ಸರ್‌ನೇಮ್ ಖಾನೆಗೆ ಹೋಗುತ್ತದೆ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂಬ ಮೂರಕ್ಷರ ಬರುತ್ತದೆ. 'ಮೊದಲ ಹೆಸರು ತಿಳಿದಿಲ್ಲ' ಎಂಬುದರ ಸಂಕ್ಷೇಪ ಅದು. ವೀಸಾದಲ್ಲಿ ಬಂದ ಮೇಲೆ ಅಲ್ಲಿನ ಬ್ಯಾಂಕು, ಚಾಲನಾ ಪರವಾನಗಿ ಎಲ್ಲದಕ್ಕೂ ಅದೇ ಅಂಟಿಕೊಳ್ಳಬಹುದು. ಒಂದು ವರ್ಷ ಮುಂಚೆ ಗೊತ್ತಾದರೆ ಸ್ಯಾಟ್‌ಗೆ ಹೆಸರು ಕೊಡುವ ಮೊದಲೇ ಎರಡೂ ಸಾಲು ತುಂಬಿದ ಹೊಸ ಪಾಸ್‌ಪೋರ್ಟ್ ಮಾಡಿಸುವುದು ಒಳ್ಳೆಯದು. ಅರ್ಜಿ ಹಾಕಿದ ಮೇಲೆ ಬದಲಾಯಿಸಿದರೆ ಎಲ್ಲ ಕಡೆಯೂ ತಿದ್ದಿಸುತ್ತಾ ಕೂರಬೇಕು.

ಪರೀಕ್ಷೆಗಳು

ಸ್ಯಾಟ್ ಈಗ ಪೂರ್ತಿ ಲ್ಯಾಪ್‌ಟಾಪ್ ಅಥವಾ ಟ್ಯಾಬ್ಲೆಟ್ ಮೇಲೆ. ಅಮೆರಿಕದ ಹೊರಗೆ 2023ರ ಮಾರ್ಚಿನಿಂದಲೇ ಹೀಗಿದೆ. ಒಟ್ಟು 2 ಗಂಟೆ 14 ನಿಮಿಷ: ಓದು-ಬರವಣಿಗೆಗೆ 64 ನಿಮಿಷದಲ್ಲಿ 54 ಪ್ರಶ್ನೆ, ಗಣಿತಕ್ಕೆ 70 ನಿಮಿಷದಲ್ಲಿ 44. ಎರಡೂ ವಿಭಾಗದಲ್ಲಿ ಮಾಡ್ಯೂಲ್ ಎಂಬ ಎರಡೆರಡು ಭಾಗ. ಮೊದಲ ಮಾಡ್ಯೂಲ್ ಹೇಗೆ ಮಾಡಿದಿರಿ ಎಂಬುದರ ಮೇಲೆ ಎರಡನೆಯದು ಸುಲಭದ್ದೋ ಕಠಿಣದ್ದೋ ಬರುತ್ತದೆ, ಸುಲಭದ್ದು ಬಂದರೆ ಮೇಲಿನ ಅಂಕ ಮುಟ್ಟಲು ಆಗುವುದಿಲ್ಲ. ಅದಕ್ಕೇ ಮೊದಲ ಮಾಡ್ಯೂಲಿನ ಸುಲಭ ಪ್ರಶ್ನೆಗಳಲ್ಲಿ ಅವಸರ ಮಾಡಬಾರದು. ಪರೀಕ್ಷೆ ನಡೆಯುವ ಬ್ಲೂಬುಕ್ ಆ್ಯಪ್‌ನಲ್ಲಿರುವ ಉಚಿತ ಅಭ್ಯಾಸ ಪರೀಕ್ಷೆಗಳೇ ನಿಜವಾದ ಪರೀಕ್ಷೆಗೆ ಅತಿ ಹತ್ತಿರ. ಗಣಿತಕ್ಕೆ ಅದರೊಳಗೇ ಇರುವ ಡೆಸ್ಮಾಸ್ ಕ್ಯಾಲ್ಕುಲೇಟರ್ ಬಳಸಲು ಕೈ ಪಳಗಿರಲಿ.

ಸ್ಯಾಟ್ ಬೇಕೇ ಬೇಡವೇ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಎಂಐಟಿ 2022ರಲ್ಲೇ ಮತ್ತೆ ಕಡ್ಡಾಯ ಮಾಡಿತು, ಡಾರ್ಟ್‌ಮತ್, ಹಾರ್ವರ್ಡ್, ಬ್ರೌನ್, ಕ್ಯಾಲ್‌ಟೆಕ್ ಆಮೇಲೆ ಅದೇ ದಾರಿ ಹಿಡಿದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಅಂಕ ಕಳಿಸಿದರೂ ನೋಡುವುದಿಲ್ಲ. ನಡುವಿನ ನೂರಾರು ಕಾಲೇಜುಗಳಲ್ಲಿ ಐಚ್ಛಿಕ. ಐಚ್ಛಿಕ ಎಂದಿರುವ ಕಡೆ ಕಾಮನ್ ಡೇಟಾ ಸೆಟ್‌ನ ಸಿ9ರಲ್ಲಿ ಸೇರಿದವರ ಅಂಕಗಳ ಮಧ್ಯದ ಮಟ್ಟ ನೋಡಿ. ನಿಮ್ಮದು ಅದಕ್ಕೆ ಸಮ ಅಥವಾ ಮೇಲಿದ್ದರೆ ಕಳಿಸಿ. ಅಂಕವನ್ನು ಅರ್ಜಿಯಲ್ಲಿ ನೀವೇ ಬರೆದರೆ ಸಾಕು, ಅಧಿಕೃತ ವರದಿ ಸೇರುವಾಗ ಕೊಟ್ಟರಾಯಿತು ಎನ್ನುವ ಕಾಲೇಜುಗಳು ಬಹಳಿವೆ. ಅಲ್ಲಿ ದುಡ್ಡು ಕೊಟ್ಟು ವರದಿ ಕಳಿಸುವ ಅಗತ್ಯವಿಲ್ಲ.

ಇಂಗ್ಲಿಷ್ ಪರೀಕ್ಷೆಗೆ ಟೋಫೆಲ್, ಐಇಎಲ್‌ಟಿಎಸ್, ಡ್ಯುಯೊಲಿಂಗೊ ಮೂರರಲ್ಲಿ ಒಂದು. ಡ್ಯುಯೊಲಿಂಗೊ ಅಗ್ಗ, ಮನೆಯಲ್ಲೇ ಬರೆಯಬಹುದು, ಎರಡು ದಿನದಲ್ಲಿ ಫಲಿತಾಂಶ. ಕೋಣೆಯಲ್ಲಿ ಇನ್ನೊಬ್ಬರ ದನಿ ಕೇಳಿದರೆ, ಕಣ್ಣು ಪದೇಪದೇ ಪರದೆಯಿಂದ ಆಚೆ ಹೋದರೆ ಪರೀಕ್ಷೆಯನ್ನೇ ಅಮಾನ್ಯ ಮಾಡಬಹುದು, ಜಾಗ ನೋಡಿ ಕೂತುಕೊಳ್ಳಿ. ಮೂರರ ಅಂಕವೂ ಸಾಮಾನ್ಯವಾಗಿ ಎರಡು ವರ್ಷ ನಡೆಯುತ್ತದೆ. ಶಾಲೆಯ ಮಾಧ್ಯಮ ಇಂಗ್ಲಿಷ್ ಆಗಿದ್ದರೆ ಪರೀಕ್ಷೆಯಿಂದ ವಿನಾಯಿತಿ ಕೊಡುವ ಕಾಲೇಜುಗಳಿವೆ. ಎಷ್ಟು ವರ್ಷ ಇಂಗ್ಲಿಷ್ ಮಾಧ್ಯಮ ಇರಬೇಕು ಎಂಬ ನಿಯಮವನ್ನು ಅವರ ಪುಟದಲ್ಲೇ ಓದಿ.

ಶಾಲೆಯಿಂದ ಹೋಗಬೇಕಾದ ಕಾಗದ

ಅರ್ಜಿಯ ಅರ್ಧ ಭಾಗ ವಿದ್ಯಾರ್ಥಿಯ ಕೈಯಲ್ಲೇ ಇಲ್ಲ, ಶಾಲೆಯ ಕೈಯಲ್ಲಿದೆ. 1,000ಕ್ಕೂ ಹೆಚ್ಚು ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಆನ್‌ಲೈನ್ ಅರ್ಜಿ ಪ್ರತಿ ವರ್ಷ ಆಗಸ್ಟ್ 1ರಂದು ಹೊಸದಾಗಿ ತೆರೆಯುತ್ತದೆ. ಅದರಲ್ಲಿ ಕೌನ್ಸೆಲರ್ (ಶಾಲೆಯ ಮಾರ್ಗದರ್ಶಕ) ಎಂಬ ಪಾತ್ರ ಕಡ್ಡಾಯ. ಶಾಲೆಯಲ್ಲಿ ಆ ಹುದ್ದೆ ಇಲ್ಲದಿದ್ದರೆ ಪ್ರಾಂಶುಪಾಲರೋ ಉಪಪ್ರಾಂಶುಪಾಲರೋ ಆ ಕೆಲಸ ಮಾಡಬಹುದು. ಅವರು ಕಳಿಸಬೇಕಾದದ್ದು ಶಾಲಾ ವರದಿ, 9ನೇ ತರಗತಿಯಿಂದ ಇಲ್ಲಿಯವರೆಗಿನ ಅಂಕಪಟ್ಟಿ, ಒಂದು ಪತ್ರ, ಮತ್ತು ಸ್ಕೂಲ್ ಪ್ರೊಫೈಲ್. ಮುಂದೆ ಅರ್ಧ ವರ್ಷದ ವರದಿ, ಕೊನೆಗೆ ಅಂತಿಮ ವರದಿ.

ಸ್ಕೂಲ್ ಪ್ರೊಫೈಲ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಬಹಳಷ್ಟು ಶಾಲೆಗಳಲ್ಲಿ ಇದು ಇರುವುದೇ ಇಲ್ಲ, ಆದರೆ ಅರ್ಜಿ ಓದುವವರು ಅಂಕ ಅರ್ಥ ಮಾಡಿಕೊಳ್ಳುವುದು ಇದರಿಂದಲೇ. ಎರಡು ಪುಟ ಸಾಕು. ಶಾಲೆ ಯಾವ ಮಂಡಳಿಯದು, ತರಗತಿಯಲ್ಲಿ ಎಷ್ಟು ಮಂದಿ, ಯಾವ ಯಾವ ವಿಷಯ ಆರಿಸಿಕೊಳ್ಳಲು ಸಾಧ್ಯ, ಅಂಕ ಕೊಡುವ ಪದ್ಧತಿ ಏನು, ಕಳೆದ ವರ್ಷ 90ಕ್ಕಿಂತ ಹೆಚ್ಚು ಎಷ್ಟು ಜನರಿಗೆ ಬಂತು, 80ರಿಂದ 90ರ ನಡುವೆ ಎಷ್ಟು ಜನ. ಕಠಿಣವಾಗಿ ಅಂಕ ಕೊಡುವ ಶಾಲೆಯ 84, ಧಾರಾಳವಾಗಿ ಕೊಡುವ ಶಾಲೆಯ 95ಕ್ಕಿಂತ ಭಾರವಾಗಿ ಕಾಣಲು ಈ ಕೊನೆಯ ಎರಡು ಅಂಕಿ ಬೇಕು. ಶಾಲೆಯವರಿಗೆ ಪುರುಸೊತ್ತಿಲ್ಲದಿದ್ದರೆ ಮಾಹಿತಿ ಒಟ್ಟುಮಾಡಲು ನೀವೇ ನೆರವಾಗಿ, ಸಹಿ ಮತ್ತು ಕಳಿಸುವುದು ಅವರದಾಗಿರಲಿ.

ಶೇಕಡಾ ಅಂಕವನ್ನು ನೀವೇ 4.0 ಜಿಪಿಎಗೆ ಪರಿವರ್ತಿಸಬೇಡಿ. ಶಾಲೆ ಜಿಪಿಎ ಕೊಡದಿದ್ದರೆ ಆ ಖಾನೆಯಲ್ಲಿ 'ನನ್' ಎಂದು ಆರಿಸುವ ಅವಕಾಶವಿದೆ. ಅಂಕ ಹೇಗಿದೆಯೋ ಹಾಗೆ ಹೋಗಲಿ, ಓದುವವರು ನಾನಾ ದೇಶದ ಅಂಕಪಟ್ಟಿ ನೋಡಿ ಪಳಗಿದವರು.

ಶಿಫಾರಸು ಪತ್ರಕ್ಕೆ ಹೆಚ್ಚಿನ ಕಡೆ ಇಬ್ಬರು ಶಿಕ್ಷಕರು. ಹತ್ತಿರದ ವರ್ಷಗಳಲ್ಲಿ ಮುಖ್ಯ ವಿಷಯ ಕಲಿಸಿದವರು ಆಗಬೇಕು. ಕನಿಷ್ಠ ಒಂದು ತಿಂಗಳು ಮೊದಲು ಕೇಳಿ, ಜೊತೆಗೆ ಒಂದು ಪುಟದ ಟಿಪ್ಪಣಿ ಕೊಡಿ: ಯಾವ ಪಾಠದಲ್ಲಿ ತಡವರಿಸಿದಿರಿ, ಯಾವ ಪ್ರಯೋಗವನ್ನು ಎರಡನೇ ಸಲ ಮಾಡಿದಿರಿ, ತರಗತಿಯಲ್ಲಿ ಏನು ಪ್ರಶ್ನೆ ಕೇಳಿದ್ದಿರಿ. 'ಶಿಸ್ತಿನ, ಬುದ್ಧಿವಂತ, ವಿನಯವಂತ ವಿದ್ಯಾರ್ಥಿ' ಎಂದಷ್ಟೇ ಇರುವ ಪತ್ರದಿಂದ ಏನೂ ಗಿಟ್ಟುವುದಿಲ್ಲ. ಟಿಪ್ಪಣಿ ಕೈಯಲ್ಲಿದ್ದರೆ ಶಿಕ್ಷಕರಿಗೂ ನೆನಪು ಮರುಕಳಿಸುತ್ತದೆ. ಪತ್ರವನ್ನು ನೀವೇ ಬರೆದು ಸಹಿ ಮಾತ್ರ ಹಾಕಿಸಿಕೊಳ್ಳುವ ಅಭ್ಯಾಸ ಕೆಲವೆಡೆ ಇದೆ. ಅದು ಮೋಸ, ಓದುವವರಿಗೆ ಪ್ರಬಂಧದ ಭಾಷೆ ಪತ್ರದಲ್ಲೂ ಕಂಡರೆ ಅರ್ಜಿ ಅಲ್ಲಿಗೇ ಮುಗಿದಂತೆ.

ತಾಂತ್ರಿಕವಾಗಿ ಎಲ್ಲಿ ತಪ್ಪುತ್ತದೆ ಅಂದರೆ: ಕಾಮನ್ ಆ್ಯಪ್‌ನಲ್ಲಿ ಮೊದಲು ಫೆರ್ಪಾ ಎಂಬ ಒಪ್ಪಿಗೆ ತುಂಬಬೇಕು, ಅಲ್ಲಿ ಪತ್ರ ಓದುವ ಹಕ್ಕು ಬಿಟ್ಟುಕೊಡುತ್ತೇನೆ ಎಂದು ಆರಿಸುವುದು ಒಳ್ಳೆಯದು, ಗುಟ್ಟಾಗಿ ಬರೆದ ಪತ್ರಕ್ಕೆ ಬೆಲೆ ಹೆಚ್ಚು. ಆಮೇಲೆ ಶಿಕ್ಷಕರಿಗೆ ಇಮೇಲ್ ಮೂಲಕ ಆಹ್ವಾನ. ಇಷ್ಟಕ್ಕೇ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ಕೌನ್ಸೆಲರ್ ಎಲ್ಲ ಕಾಲೇಜಿಗೂ ತಾನಾಗಿ ಜೋಡಣೆಯಾಗುತ್ತಾರೆ, ಶಿಕ್ಷಕರು ಆಗುವುದಿಲ್ಲ. ಒಂದೊಂದು ಕಾಲೇಜಿನ ಪುಟಕ್ಕೂ ಹೋಗಿ ಶಿಕ್ಷಕರನ್ನು 'ಅಸೈನ್' ಮಾಡಬೇಕು. ಮಾಡದಿದ್ದರೆ ಅವರು ಬರೆದು ಮುಗಿಸಿದ ಪತ್ರ ಆ ಕಾಲೇಜಿಗೆ ಹೋಗುವುದೇ ಇಲ್ಲ.

150 ಅಕ್ಷರ, 650 ಪದ

ಕಾಮನ್ ಆ್ಯಪ್‌ನಲ್ಲಿ ಚಟುವಟಿಕೆಗಳಿಗೆ ಹತ್ತು ಸಾಲು. ಹುದ್ದೆಗೆ 50 ಅಕ್ಷರ, ಸಂಸ್ಥೆಯ ಹೆಸರಿಗೆ 100, ವಿವರಣೆಗೆ 150. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ಹೀಗೆ ಬರೆಯುವವರು ಬಹಳ: 'ಪರಿಸರ ಸಂಘದ ಸದಸ್ಯನಾಗಿ ಅನೇಕ ಜಾಗೃತಿ ಕಾರ್ಯಕ್ರಮಗಳಲ್ಲಿ ಉತ್ಸಾಹದಿಂದ ಪಾಲ್ಗೊಂಡು ನಾಯಕತ್ವ ಬೆಳೆಸಿಕೊಂಡೆ.' ಇದರಲ್ಲಿ ಆ ಹುಡುಗ ಏನು ಮಾಡಿದ ಎಂಬುದೇ ಇಲ್ಲ. ಅದೇ ಜಾಗದಲ್ಲಿ: 'ಕ್ಯಾಂಟೀನಿನ ಹಸಿ ಕಸ ತಿಂಗಳಿಡೀ ತೂಗಿದೆ, ದಿನಕ್ಕೆ ಸರಾಸರಿ 11 ಕೆಜಿ. ಗೊಬ್ಬರ ಗುಂಡಿ ತೋಡಿಸಿ, 3 ತರಗತಿಗೆ ಸರದಿ ಹಾಕಿದೆ.' ತೂಕ, ಅಂಕಿ, ಕ್ರಿಯಾಪದ. ಸದಸ್ಯ ಎಂಬುದು ಹುದ್ದೆಯ ಖಾನೆಯಲ್ಲಿ ಆಗಲೇ ಇದೆ, ಮತ್ತೆ ಬೇಕಿಲ್ಲ.

ಮನೆಯ ಜವಾಬ್ದಾರಿಗೂ ಸಂಬಳದ ಕೆಲಸಕ್ಕೂ ಪಟ್ಟಿಯಲ್ಲಿ ಪ್ರತ್ಯೇಕ ವರ್ಗಗಳಿವೆ. ತಮ್ಮನನ್ನು ನೋಡಿಕೊಳ್ಳುವುದು, ಅಪ್ಪನ ಅಂಗಡಿಯಲ್ಲಿ ಸಂಜೆ ಕೂರುವುದು, ಹಾಸಿಗೆ ಹಿಡಿದವರ ಆರೈಕೆ, ಇವು ನಾಚಿಕೊಂಡು ಬಿಡುವ ವಿಷಯಗಳಲ್ಲ, ಬರೆಯಿರಿ. ವಾರಕ್ಕೆ ಎಷ್ಟು ಗಂಟೆ, ವರ್ಷಕ್ಕೆ ಎಷ್ಟು ವಾರ ಎಂದೂ ತುಂಬಬೇಕು. ಹತ್ತೂ ಸಾಲಿನ ಗಂಟೆ ಕೂಡಿಸಿ ನೋಡಿ. ಶಾಲೆ, ನಿದ್ದೆ ಕಳೆದು ವಾರಕ್ಕೆ 70 ಗಂಟೆ ಬಂದಿದ್ದರೆ ಯಾರೂ ನಂಬುವುದಿಲ್ಲ. ಬಹುಮಾನಗಳಿಗೆ ಪ್ರತ್ಯೇಕವಾಗಿ ಐದು ಸಾಲು, ಒಂದೊಂದು 100 ಅಕ್ಷರ.

ಮುಖ್ಯ ಪ್ರಬಂಧ 250ರಿಂದ 650 ಪದ. ಪ್ರಬಂಧದ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಒಂದೇ ಮಾತು ಹೇಳುತ್ತೇನೆ. ಅರ್ಜಿಯ ಬೇರೆ ಕಡೆ ಇಲ್ಲದ ಸಂಗತಿ ಅದರಲ್ಲಿರಲಿ. ಗಣಿತ ಸ್ಪರ್ಧೆಯ ಪದಕ ಬಹುಮಾನದ ಸಾಲಿನಲ್ಲಿದ್ದರೆ ಪ್ರಬಂಧವೂ ಅದರ ಬಗ್ಗೆಯೇ ಆಗಬೇಕಿಲ್ಲ. 'ನಮ್ಮ ಕಾಲೇಜೇ ಯಾಕೆ' ಎಂಬ ಪೂರಕ ಪ್ರಶ್ನೆಗೆ ಇನ್ನೊಂದು ಪರೀಕ್ಷೆಯಿದೆ: ಬರೆದದ್ದರಲ್ಲಿ ಕಾಲೇಜಿನ ಹೆಸರು ಬದಲಿಸಿ ಬೇರೆಯದನ್ನು ಹಾಕಿ ಓದಿ. ಆಗಲೂ ಸರಿಹೋದರೆ ಅದು ಉತ್ತರವಲ್ಲ. ಹೆಸರು ಬದಲಿಸುವುದನ್ನು ಮರೆತು ಒಂದು ಕಾಲೇಜಿಗೆ ಇನ್ನೊಂದರ ಹೆಸರು ಕಳಿಸುವುದೂ ಪ್ರತಿ ವರ್ಷ ಆಗುವ ಅನಾಹುತವೇ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು ಪ್ರತ್ಯೇಕ ಅರ್ಜಿ. ಒಂದೇ ಅರ್ಜಿ ಒಂಬತ್ತು ಕ್ಯಾಂಪಸ್‌ಗೂ ಹೋಗಬಹುದು, ಶುಲ್ಕ ಮಾತ್ರ ಕ್ಯಾಂಪಸ್ ಲೆಕ್ಕದಲ್ಲಿ. ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ 350 ಪದದೊಳಗೆ ಉತ್ತರ, ಸಾಮಾನ್ಯವಾಗಿ ಶಿಫಾರಸು ಪತ್ರ ಕೇಳುವುದಿಲ್ಲ. ಗಡುವು ನವೆಂಬರ್ 30ರ ಆಸುಪಾಸು, ಅದೂ ಪೆಸಿಫಿಕ್ ಸಮಯದಲ್ಲಿ. ಎಂಐಟಿಗೂ ಅದರದೇ ಅರ್ಜಿ.

ಯಾವಾಗ, ಎಷ್ಟು ಕಡೆ

ಕಾಮನ್ ಆ್ಯಪ್ 20 ಕಾಲೇಜುಗಳವರೆಗೆ ಬಿಡುತ್ತದೆ. ಎಂಟರಿಂದ ಹನ್ನೆರಡು ಸಾಕು ಎಂದು ನನ್ನ ಅಭಿಪ್ರಾಯ. ಹದಿನೈದನೇ ಪೂರಕ ಪ್ರಬಂಧ ಯಾವತ್ತೂ ಮೊದಲನೆಯದರಷ್ಟು ಚೆನ್ನಾಗಿರುವುದಿಲ್ಲ. ಅರ್ಜಿ ಶುಲ್ಕ ಹೊರೆಯಾದರೆ ಪ್ರವೇಶ ಕಚೇರಿಗೆ ನೇರ ಇಮೇಲ್ ಬರೆದು ವಿನಾಯಿತಿ ಕೇಳಿ. ಶುಲ್ಕವೇ ಇಲ್ಲದ ಕಾಲೇಜುಗಳೂ ಇವೆ.

ಅರ್ಲಿ ಡಿಸಿಷನ್ ಎಂಬ ಮುಂಚಿನ ಸುತ್ತಿನ ಗಡುವು ನವೆಂಬರ್ 1 ಅಥವಾ 15. ಒಂದೇ ಕಾಲೇಜಿಗೆ ಹಾಕಬಹುದು, ಸಿಕ್ಕರೆ ಸೇರಲೇಬೇಕು ಎಂದು ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುತ್ತಾರೆ. ಕೊಟ್ಟ ನೆರವು ಸಾಲದಿದ್ದರೆ ಬಿಡಿಸಿಕೊಳ್ಳಲು ದಾರಿ ಇದೆ, ಆದರೆ ಬೇರೆ ಕಾಲೇಜುಗಳ ನೆರವಿನ ಜೊತೆ ಹೋಲಿಸಿ ನೋಡುವ ಅವಕಾಶ ಕೈತಪ್ಪುತ್ತದೆ. ಮೊದಲೇ ಬರೆದಿಟ್ಟ ಅಂಕಿಗೆ ಆ ಕಾಲೇಜು ಹೊಂದುತ್ತದೆ ಎಂದು ಖಾತ್ರಿಯಿದ್ದರೆ ಮಾತ್ರ ಹಾಕಿ. ಅರ್ಲಿ ಆ್ಯಕ್ಷನ್ ಎಂಬ ಇನ್ನೊಂದು ಮುಂಚಿನ ಸುತ್ತಿಗೆ ಈ ಕಟ್ಟುಪಾಡಿಲ್ಲ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಸ್ಟ್ಯಾನ್‌ಫರ್ಡ್‌ನಂಥ ಕೆಲವು ಕಡೆಯ ಅರ್ಲಿ, ಬೇರೆ ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಲಿ ಹಾಕಬಾರದು ಎಂಬ ಷರತ್ತಿನದು. ರೆಗ್ಯುಲರ್ ಗಡುವು ಹೆಚ್ಚಾಗಿ ಜನವರಿ ಮೊದಲ ಎರಡು ವಾರ, ಉತ್ತರ ಮಾರ್ಚ್ ಕೊನೆಯೊಳಗೆ, ನಿಮ್ಮ ತೀರ್ಮಾನ ಮೇ 1ರೊಳಗೆ.

ಕಳಿಸುವಾಗ ಮೂರು ಹೆಜ್ಜೆ: ಪಿಡಿಎಫ್ ನೋಡುವುದು, ಶುಲ್ಕ ಕಟ್ಟುವುದು, ಸಹಿ ಮಾಡಿ ಒಪ್ಪಿಸುವುದು. ಶುಲ್ಕ ಕಟ್ಟಿದ ರಸೀದಿ ಬಂದ ಕೂಡಲೇ ಮುಗಿಯಿತು ಎಂದುಕೊಂಡು ಪುಟ ಮುಚ್ಚುವವರಿದ್ದಾರೆ. ಮೂರನೇ ಹೆಜ್ಜೆ ಆಗದಿದ್ದರೆ ಅರ್ಜಿ ಹೋಗಿಲ್ಲ. ಪಿಡಿಎಫ್‌ನಲ್ಲಿ ವಾಕ್ಯಗಳು ಕೊನೆಯಲ್ಲಿ ಕತ್ತರಿಸಿಹೋಗಿವೆಯೇ ನೋಡಿ. ಕೆಲವು ಕಾಲೇಜುಗಳ ಪೂರಕ ಪ್ರಶ್ನೆಗಳನ್ನು ಪ್ರತ್ಯೇಕವಾಗಿ ಒಪ್ಪಿಸಬೇಕಾಗುತ್ತದೆ.

ಒಂದೆರಡು ದಿನದಲ್ಲಿ ಕಾಲೇಜಿನಿಂದ ಪೋರ್ಟಲ್‌ನ ಲಾಗಿನ್ ಬರುತ್ತದೆ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ. ಅಲ್ಲಿ ಬಂದ ಕಾಗದ, ಬರದ ಕಾಗದದ ಪಟ್ಟಿ ಇರುತ್ತದೆ. ಮೊದಲ ಎರಡು ವಾರ 'ಬಂದಿಲ್ಲ' ಎಂದಿದ್ದರೆ ಗಾಬರಿ ಬೇಡ. ಆಮೇಲೂ ಹಾಗೇ ಇದ್ದರೆ ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ, ಯಾವ ದಿನ ಯಾರು ಕಳಿಸಿದರು ಎಂದು ನಾಲ್ಕು ಸಾಲಿನ ಇಮೇಲ್ ಬರೆಯಿರಿ.

ಸೀಟು ಸಿಕ್ಕ ಮೇಲೆ

ಮುಂಗಡ ಕಟ್ಟಿದ ಮೇಲೆ ಕಾಲೇಜು ಐ-20 ಕೊಡುತ್ತದೆ, ವಿದ್ಯಾರ್ಥಿ ವೀಸಾ ಕೇಳಲು ಬೇಕಾದ ಪತ್ರ ಅದು. ಅದಕ್ಕೆ ಮೊದಲ ವರ್ಷದ ಪೂರ್ತಿ ವೆಚ್ಚಕ್ಕೆ ಹಣ ಇದೆ ಎಂಬ ದಾಖಲೆ ಬೇಕು: ಖಾತೆದಾರರ ಹೆಸರು, ದಿನಾಂಕ, ಮೊತ್ತ, ಯಾವ ದೇಶದ ಹಣ ಎಂಬುದು ಸ್ಪಷ್ಟವಾಗಿರುವ ಇಂಗ್ಲಿಷ್ ಬ್ಯಾಂಕ್ ಪತ್ರ ಅಥವಾ ಮಂಜೂರಾದ ಸಾಲದ ಪತ್ರ. ಜಮೀನು, ಮನೆಯ ಮೌಲ್ಯ ಸಾಮಾನ್ಯವಾಗಿ ಲೆಕ್ಕಕ್ಕೆ ಬರುವುದಿಲ್ಲ, ತಕ್ಷಣ ತೆಗೆಯಬಹುದಾದ ಹಣ ಇರಬೇಕು.

ಐ-20 ಬಂದ ದಿನವೇ ಹೆಸರು, ಹುಟ್ಟಿದ ದಿನ, ಕೋರ್ಸು, ಶುರುವಾಗುವ ದಿನಾಂಕ, ವೆಚ್ಚ ಮತ್ತು ಹಣದ ಮೂಲದ ಎರಡು ಮೊತ್ತ ನೋಡಿ, ಸಹಿ ಮಾಡಿ. 18 ತುಂಬದಿದ್ದರೆ ಪೋಷಕರದೂ ಸಹಿ. ಅದರ ಮೇಲ್ಭಾಗದಲ್ಲಿ 'ಎನ್' ಅಕ್ಷರದಿಂದ ಶುರುವಾಗುವ ಸೆವಿಸ್ (ಹೊರದೇಶದ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ ವ್ಯವಸ್ಥೆ) ಸಂಖ್ಯೆ ಇರುತ್ತದೆ, ಅದನ್ನು ಬಳಸಿ 350 ಡಾಲರ್ ಸೆವಿಸ್ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಎರಡು ಕಾಲೇಜಿನ ಐ-20 ಕೈಯಲ್ಲಿದ್ದರೆ ಸೇರುವ ಕಾಲೇಜಿನದನ್ನೇ ಬಳಸಿ. ಆಮೇಲೆ ಡಿಎಸ್-160 ವೀಸಾ ಅರ್ಜಿ, ಅದರ ಶುಲ್ಕ 185 ಡಾಲರ್. ಡಿಎಸ್-160 ಪುಟ ಸುಮಾರು 20 ನಿಮಿಷ ಸುಮ್ಮನೆ ಬಿಟ್ಟರೆ ಮುಚ್ಚಿಹೋಗುತ್ತದೆ, ಶುರುವಿನಲ್ಲೇ ಅರ್ಜಿ ಸಂಖ್ಯೆ ಬರೆದಿಟ್ಟು, ಆಗಾಗ ಸೇವ್ ಮಾಡಿ. ಕಳೆದ ಐದು ವರ್ಷ ಬಳಸಿದ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ಕೇಳುತ್ತದೆ, ಬಿಡಬೇಡಿ. 2025ರ ಜೂನ್‌ನಿಂದ ವಿದ್ಯಾರ್ಥಿ ವೀಸಾ ಕೇಳುವವರು ಆ ಖಾತೆಗಳನ್ನು ಸಾರ್ವಜನಿಕವಾಗಿ ಇಡಬೇಕೆಂಬ ಸೂಚನೆಯಿದೆ.

ಸಂದರ್ಶನ ಕೆಲವೇ ನಿಮಿಷ. ಈ ಕಾಲೇಜು ಯಾಕೆ, ಏನು ಓದುತ್ತೀರಿ, ಯಾರು ಖರ್ಚು ಕೊಡುತ್ತಾರೆ, ಮೂರಕ್ಕೂ ಎರಡೆರಡು ವಾಕ್ಯದ ನೇರ ಉತ್ತರ ಸಾಕು. ಬಾಯಿಪಾಠ ಮಾಡಿದ್ದು ಗೊತ್ತಾಗುತ್ತದೆ. ನಿರಾಕರಿಸಿದಾಗ ಕೊಡುವ ಚೀಟಿಯಲ್ಲಿ ಸಾಮಾನ್ಯವಾಗಿ ವಲಸೆ ಕಾನೂನಿನ ಕಲಂ 214(ಬಿ) ಎಂದಿರುತ್ತದೆ. ಓದು ಮುಗಿಸಿ ವಾಪಸು ಹೋಗುವಿರಿ ಎಂದು ಅಧಿಕಾರಿಗೆ ಮನವರಿಕೆ ಆಗಲಿಲ್ಲ ಎಂದು ಅರ್ಥ. ಮತ್ತೆ ಅರ್ಜಿ ಹಾಕಬಹುದು, ಶುಲ್ಕ ಮತ್ತೆ ಕಟ್ಟಬೇಕು.

ಐ-20ರಲ್ಲಿರುವ ಶುರುವಿನ ದಿನಾಂಕಕ್ಕೆ 30 ದಿನಕ್ಕಿಂತ ಮೊದಲು ದೇಶದೊಳಗೆ ಬಿಡುವುದಿಲ್ಲ. ಐ-20, ಪಾಸ್‌ಪೋರ್ಟ್, ಹಣದ ದಾಖಲೆ ಕೈಚೀಲದಲ್ಲೇ ಇರಲಿ. ವಿಮಾನದ ಹೊಟ್ಟೆಗೆ ಹೋಗುವ ಪೆಟ್ಟಿಗೆಯಲ್ಲಿ ಹಾಕಿದರೆ ವಲಸೆ ಅಧಿಕಾರಿಯ ಮುಂದೆ ತೋರಿಸಲು ಏನೂ ಇರುವುದಿಲ್ಲ. ಇಳಿದ ಮೇಲೆ ಗಡಿ ಇಲಾಖೆಯ ಜಾಲತಾಣದಲ್ಲಿ ದೇಶ ಪ್ರವೇಶಿಸಿದ್ದನ್ನು ಬರೆದಿಡುವ ನಿಮ್ಮ ಐ-94 ದಾಖಲೆ ತೆಗೆದು, ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಇದೆಯೇ, ಎಫ್-1 ಎಂದು ಇದೆಯೇ ನೋಡಿ. ಒಂದಕ್ಷರ ಹೆಚ್ಚುಕಡಿಮೆ ಇದ್ದರೂ ಮೊದಲ ವಾರದಲ್ಲೇ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತೋರಿಸಿ, ಎಲ್ಲಿ ತಿದ್ದಿಸಬೇಕೆಂದು ಅವರು ಹೇಳುತ್ತಾರೆ.